ಚಿಟ್ಟೆ ಮತ್ತು ಹುಳಗಳ ಮ್ಯಾಕ್ರೋ ಛಾಯಾಗ್ರಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಟ್ಟೆಯ ಫೋಟೊ ತೆಗೆಯಲು ಕಾಡಿಗೇ ಹೋಗಬೇಕೆ?

ಬೇಡ. ಮೊದಲು ಹಿತ್ತಿಲಿನ ಕರಿಬೇವಿನ ಗಿಡದ ಹತ್ತಿರ ಹೋಗಿ. ಎಳೆ ಎಲೆಗಳನ್ನು ಮಗುಚಿ ನೋಡುತ್ತ ಬಂದರೆ ಸುಮಾರು ಒಂದು ಮಿಲಿಮೀಟರ್ ಗಾತ್ರದ ತಿಳಿಹಳದಿ ಮೊಟ್ಟೆ ಕಾಣಬಹುದು. ಅದು ಕಾಮನ್ ಮಾರ್ಮನ್ ಚಿಟ್ಟೆಯದು. ನಿಂಬೆ ಗಿಡವಿದ್ದರೆ ಲೈಮ್ ಬಟರ್‌ಫ್ಲೈ ಕೂಡ ಬರುತ್ತದೆ. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್, ಕಕ್ಕೆ ಮರಕ್ಕೆ ಕಾಮನ್ ಎಮಿಗ್ರಂಟ್, ಕಣಗಿಲೆಗೆ ಕಾಮನ್ ಕ್ರೋ, ಮಾವಿಗೆ ಕಾಮನ್ ಬ್ಯಾರನ್, ಹರಳು ಗಿಡಕ್ಕೆ ಕ್ಯಾಸ್ಟರ್ ಚಿಟ್ಟೆಗಳು. ರಸ್ತೆ ಬದಿಯಲ್ಲಿ ಸಾಲಾಗಿ ನೆಡುವ ಉದ್ದನೆಯ ಅಶೋಕ ಮರಕ್ಕೆ ಟೈಲ್ಡ್ ಜೇ ಬರುತ್ತದೆ. ಈಶ್ವರಿ ಬಳ್ಳಿ ಸಿಕ್ಕಿತೆಂದರೆ ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎರಡನ್ನೂ ಕಾಯಬಹುದು. ಮಲೆನಾಡಿನಲ್ಲಾದರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದೂ ಇದೇ ಬಳ್ಳಿಯ ಬಳಗಕ್ಕೆ.

ಒಳ್ಳೆಯ ಲೆನ್ಸ್ ಕೊಂಡ ಮೇಲೂ ಫೋಟೊ ಸಿಗದೆ ಅಲೆಯುವವರು ಬಹಳ ಮಂದಿ. ಗಿಡ ಗೊತ್ತಿದ್ದವರು ಅಲೆಯುವುದಿಲ್ಲ, ಗಿಡದ ಹತ್ತಿರ ಕೂರುತ್ತಾರೆ. ಚಿಟ್ಟೆ ಎಲ್ಲೆಲ್ಲೋ ಹಾರಾಡಿದರೂ ಹೆಣ್ಣು ಮೊಟ್ಟೆಯಿಡಲು ತನ್ನ ಮರಿಗಳು ತಿನ್ನುವ ಗಿಡಕ್ಕೇ ಬರಬೇಕು. ಹಾಗಾಗಿ ಹಣ ಖರ್ಚು ಮಾಡುವ ಮುನ್ನ ನಿಮ್ಮ ಬೀದಿಯ ಹತ್ತು ಗಿಡಗಳ ಹೆಸರು ಕಲಿಯಿರಿ ಎಂದೇ ಹೊಸಬರಿಗೆ ಹೇಳುತ್ತೇನೆ.

ಮೊಬೈಲಿನಲ್ಲಿ ತೆಗೆಯಬಹುದೆ?

ತೆಗೆಯಬಹುದು. ಮೊಟ್ಟೆ, ಕಂಬಳಿಹುಳು, ಕೋಶ, ಇರುವೆ ಸಾಲು, ಬಲೆಯ ನಡುವೆ ಕೂತ ಜೇಡ, ಇವೆಲ್ಲ ಮೊಬೈಲಿಗೆ ಚೆನ್ನಾಗಿಯೇ ಒಲಿಯುತ್ತವೆ. ಆದರೆ ಹಲವು ಫೋನುಗಳಲ್ಲಿ ಮ್ಯಾಕ್ರೋ (ಪುಟ್ಟದ್ದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವುದು) ಎಂದರೆ ವೈಡ್ ಲೆನ್ಸನ್ನು ಎರಡು ಮೂರು ಸೆಂಟಿಮೀಟರ್ ಹತ್ತಿರ ಹಿಡಿಯುವುದು. ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಹುಳದ ಮೇಲೆ ಬೀಳುತ್ತದೆ, ಚಿಟ್ಟೆಯಂತೂ ಕಾಯುವುದಿಲ್ಲ. ಚಿಟ್ಟೆಗೆ ಫೋನಿನ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರುವ ಲೆನ್ಸ್) ಬಳಸಿ, ಒಂದೆರಡು ಅಡಿ ದೂರದಿಂದಲೇ ತೆಗೆಯಿರಿ. ಕ್ಲಿಪ್ ಹಾಕಿ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಮುಖ್ಯ ಕ್ಯಾಮೆರಾದ ಮೇಲೇ ಸಿಕ್ಕಿಸಿ. ಹತ್ತಿರ ಹೋದೊಡನೆ ಫೋನು ತಾನಾಗಿ ಲೆನ್ಸ್ ಬದಲಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಕೊಳ್ಳಿ.

1:1 ಎಂದರೇನು? ಚಿಟ್ಟೆಗೆ ಅದು ಬೇಕೇ ಬೇಕೆ?

ಹುಳದ ನಿಜವಾದ ಅಳತೆಯಷ್ಟೇ ಅದರ ಬಿಂಬ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ತಟ್ಟೆ) ಮೇಲೆ ಬಿದ್ದರೆ ಅದು 1:1, ಮೂರನೆಯ ಒಂದು ಭಾಗದಷ್ಟು ಬಿದ್ದರೆ 1:3. ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಮಿಲಿಮೀಟರ್. ಕಾಮನ್ ಮಾರ್ಮನ್ ರೆಕ್ಕೆ ಬಿಚ್ಚಿದರೆ 90 ರಿಂದ 100 ಮಿಲಿಮೀಟರ್. ಅಂದರೆ ಇಡೀ ಚಿಟ್ಟೆ ಚೌಕಟ್ಟಿನಲ್ಲಿ ಬರಬೇಕಾದರೆ 1:3 ಸಾಕು. ಹುಲ್ಲಿನ ಬುಡದಲ್ಲಿ ಹಾರಾಡುವ ಗ್ರಾಸ್ ಜ್ಯುವೆಲ್‌ನಂಥ ಪುಟಾಣಿಗಳು 15 ರಿಂದ 22 ಮಿಲಿಮೀಟರ್ ಇರುತ್ತವೆ; ಅಲ್ಲಿ 1:1 ಉಪಯೋಗಕ್ಕೆ ಬರುತ್ತದೆ. ನೆಗೆಯುವ ಜೇಡದ ಕಣ್ಣು, ಇರುವೆಯ ದವಡೆ, ರೆಕ್ಕೆಯ ಹುರುಪೆಗಳು ಬೇಕೆಂದರೆ 1:1 ಕೂಡ ಸಾಲದು. ದೊಡ್ಡ ಚಿಟ್ಟೆಗಳಷ್ಟೇ ನಿಮ್ಮ ಆಸಕ್ತಿಯಾದರೆ, ಕೈಯಲ್ಲಿರುವ 70-300 ಜೂಮ್ ಲೆನ್ಸೇ ಬಹುಮಟ್ಟಿಗೆ ಸಾಕು.

ಮ್ಯಾಕ್ರೋ ಲೆನ್ಸ್ ದುಬಾರಿ. ಬೇರೆ ದಾರಿ ಇದೆಯೆ?

ಮೂರು ದಾರಿಗಳಿವೆ. ಟೆಲಿ ಜೂಮ್‌ನ ಮುಂದೆ ಕ್ಲೋಸಪ್ ಲೆನ್ಸ್ ತಿರುಗಿಸಿ ಹಾಕುವುದು ನನಗೆ ಎಲ್ಲಕ್ಕಿಂತ ಇಷ್ಟ. ಲೆಕ್ಕ ಸರಳ: ಜೂಮ್‌ನ ಫೋಕಲ್ ಲೆಂಗ್ತನ್ನು ಮೀಟರಿನಲ್ಲಿ ಬರೆದು ಡಯಾಪ್ಟರ್‌ನಿಂದ (ಕ್ಲೋಸಪ್ ಲೆನ್ಸಿನ ಶಕ್ತಿ, +2 ಎಂಬಂತೆ ಬರೆದಿರುತ್ತದೆ) ಗುಣಿಸಿ. 250 ಮಿಲಿಮೀಟರ್ ಲೆನ್ಸಿಗೆ +2 ಹಾಕಿ ಫೋಕಸನ್ನು ಅನಂತಕ್ಕೆ ಇಟ್ಟರೆ 1:2 ಸಿಗುತ್ತದೆ, ಅದೂ ಅರ್ಧ ಮೀಟರ್ ದೂರದಿಂದ. ಚಿಟ್ಟೆಗೆ ಇದಕ್ಕಿಂತ ಅನುಕೂಲವಾದ ಜೋಡಿ ಸಿಗುವುದು ಕಷ್ಟ. ಒಂದೇ ಗಾಜಿನ ಅಗ್ಗದ ಕ್ಲೋಸಪ್ ಲೆನ್ಸುಗಳು ಅಂಚಿನಲ್ಲಿ ನೇರಳೆ ಬಣ್ಣ ಬಿಡುತ್ತವೆ. ಎರಡು ಗಾಜು ಅಂಟಿಸಿದ ಆಕ್ರೊಮ್ಯಾಟ್ ಕೊಳ್ಳಿ. ರೇನಾಕ್ಸ್ 250 ಹೆಚ್ಚು ಜನ ಬಳಸುವುದು. ಅದು +8 ಡಯಾಪ್ಟರ್, ಆದ್ದರಿಂದ ಕೇವಲ 12 ಸೆಂಟಿಮೀಟರ್ ದೂರಕ್ಕೆ ಬರಬೇಕು. ಜೇಡ, ಇರುವೆಗೆ ಸರಿ, ಚಿಟ್ಟೆಗೆ ತೀರಾ ಹತ್ತಿರ.

ಎರಡನೆಯದು ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜಿಲ್ಲದ ಬರಿಯ ಬಳೆ. 50 ಮಿಲಿಮೀಟರ್ ಲೆನ್ಸಿಗೆ 25 ಮಿಲಿಮೀಟರ್ ಟ್ಯೂಬ್ ಹಾಕಿದರೆ 1:2. ಬೆಳಕು ಸ್ವಲ್ಪ ತಗ್ಗುತ್ತದೆ. ಮೂರನೆಯದು ಕಿಟ್ ಲೆನ್ಸನ್ನು ತಿರುವುಮುರುವಾಗಿ ಕೂರಿಸುವ ರಿವರ್ಸ್ ರಿಂಗ್. ತುಂಬಾ ಅಗ್ಗ, ಆದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಕ್ಯಾಮೆರಾದ ಹಿಡಿತಕ್ಕೆ ಸಿಗುವುದಿಲ್ಲ. ಅಲುಗಾಡದ ಮೊಟ್ಟೆ, ಕೋಶಗಳಿಗೆ ಮಾತ್ರ.

60, 100, 180 ಮಿಲಿಮೀಟರ್: ಮ್ಯಾಕ್ರೋ ಲೆನ್ಸ್ ಕೊಳ್ಳುವುದಾದರೆ ಯಾವುದು?

100ರ ಆಸುಪಾಸಿನದು. 60ರಲ್ಲಿ 1:1 ಬೇಕಾದರೆ ಲೆನ್ಸಿನ ಮೂತಿ ಹುಳಕ್ಕೆ ತಾಗುವಷ್ಟು ಹತ್ತಿರ ಬರುತ್ತದೆ. 180 ದೂರ ಕೊಡುತ್ತದೆ, ಹಿನ್ನೆಲೆಯನ್ನು ಮೃದು ಮಾಡುತ್ತದೆ, ಆದರೆ ಭಾರ. ದಿನವಿಡೀ ಕೈಯಲ್ಲಿ ಹಿಡಿದು ಬಗ್ಗಿ ನಿಲ್ಲಲು ಹೆಗಲು ಒಪ್ಪಬೇಕು.

ಹತ್ತಿರ ಹೋದೊಡನೆ ಹಾರಿಹೋಗುತ್ತದೆ. ಏನು ಮಾಡಲಿ?

ಎಲ್ಲರೂ ಕೇಳುವುದು ಇದನ್ನೇ. ಕೀಟಗಳ ಸಂಯುಕ್ತ ಕಣ್ಣು ಸೂಕ್ಷ್ಮ ವಿವರಗಳನ್ನು ನಮ್ಮಷ್ಟು ಕಾಣದು, ಆದರೆ ಚಲನೆಯನ್ನು ತಕ್ಷಣ ಹಿಡಿಯುತ್ತದೆ. ಅದಕ್ಕೇ ನೀವು ಎಷ್ಟು ಹತ್ತಿರ ಇದ್ದೀರಿ ಎನ್ನುವುದಕ್ಕಿಂತ ಹೇಗೆ ಹತ್ತಿರ ಬಂದಿರಿ ಎನ್ನುವುದು ಮುಖ್ಯ. ನಿಂತಲ್ಲಿಂದ ಸೀದಾ ನಡೆದು ಬರಬೇಡಿ. ದೂರದಲ್ಲೇ ಕುಳಿತು, ಕ್ಯಾಮೆರಾವನ್ನು ಮೊದಲೇ ಕಣ್ಣಿಗೆ ಏರಿಸಿಕೊಂಡು, ಕುಕ್ಕರಗಾಲಿನಲ್ಲೇ ಮುಂದೆ ಸರಿಯಿರಿ. ಹತ್ತಿರ ಬಂದ ಮೇಲೆ ಕೈ ಎತ್ತಿದರೆ ಅಲ್ಲಿಗೆ ಮುಗಿಯಿತು. ಕ್ಯಾಮೆರಾದ ಪಟ್ಟಿ ಜೋತಾಡದಂತೆ ಮಣಿಕಟ್ಟಿಗೆ ಸುತ್ತಿಕೊಳ್ಳಿ. ಸೂರ್ಯ ಎಲ್ಲಿದ್ದಾನೆ ನೋಡಿಕೊಳ್ಳಿ, ನಿಮ್ಮ ನೆರಳು ಚಿಟ್ಟೆಯ ಮೇಲೆ ಬಿದ್ದ ಕ್ಷಣ ಅದು ಏಳುತ್ತದೆ. ಅದು ಕೂತಿರುವ ಗಿಡದ ರೆಂಬೆಯನ್ನು ಮೊಣಕಾಲಿನಿಂದಲೂ ತಾಗಿಸಬೇಡಿ.

ಹಾರಿಹೋಯಿತು ಎಂದಿಟ್ಟುಕೊಳ್ಳಿ. ಹಿಂದೆ ಓಡಬೇಡಿ. ಏರೋಪ್ಲೇನ್ ಚಿಟ್ಟೆಗಳಲ್ಲಿ ಬಹಳಷ್ಟು ಅದೇ ಕಡ್ಡಿಯ ತುದಿಗೆ ಮತ್ತೆ ಮತ್ತೆ ಬಂದು ಕೂರುತ್ತವೆ. ಬ್ಲೂ ಪ್ಯಾನ್ಸಿಯಂಥ ಚಿಟ್ಟೆಗಳ ಗಂಡು ತನ್ನ ಜಾಗ ಕಾಯುತ್ತ, ಬಂದವರನ್ನು ಅಟ್ಟಿಸಿ ಅಲ್ಲಿಗೇ ಮರಳುತ್ತದೆ. ನೀವು ಅಲುಗದೆ ಅಲ್ಲೇ ಇದ್ದರೆ ಎರಡನೆಯ ಸಲ ಅದು ನಿಮ್ಮನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಹೂವಿನ ರಸದಲ್ಲಿ ಮೈಮರೆತದ್ದು, ಜೋಡಿಯಾಗಿ ಕೂಡಿಕೊಂಡದ್ದು, ಈಗತಾನೇ ಕೋಶದಿಂದ ಹೊರಬಂದದ್ದು, ಈ ಮೂರೂ ಸುಲಭಕ್ಕೆ ಏಳುವುದಿಲ್ಲ. ಸುಲಭವೆಂದು ಮೈಮೇಲೆ ಬೀಳುವುದು ಮಾತ್ರ ಬೇಡ. ಹೊಸ ಚಿಟ್ಟೆಯ ರೆಕ್ಕೆ ಇನ್ನೂ ಹಸಿಯಾಗಿರುತ್ತದೆ, ಆಗ ಬಿದ್ದರೆ ರೆಕ್ಕೆ ಮುರುಟಿಯೇ ಒಣಗಬಹುದು.

ಯಾವ ಹೊತ್ತು, ಯಾವ ತಿಂಗಳು ಒಳ್ಳೆಯದು?

ಬೆಳಗ್ಗೆ. ಕೀಟಗಳು ತಮ್ಮ ಮೈಯ ಬಿಸಿಯನ್ನು ಹೆಚ್ಚಾಗಿ ಬಿಸಿಲಿನಿಂದಲೇ ಪಡೆಯಬೇಕು. ರಾತ್ರಿ ಎಲೆಯಡಿ ತಂಗಿದ ಚಿಟ್ಟೆ ಸೂರ್ಯ ಮೇಲೆ ಬಂದ ಮೇಲೆ ರೆಕ್ಕೆ ಅಗಲಿಸಿ ಕಾಯಿಸಿಕೊಳ್ಳುತ್ತದೆ. ರೆಕ್ಕೆಯ ಮೇಲ್ಭಾಗದ ಬಣ್ಣ ಬೇಕಾದವರಿಗೆ ಇದೇ ಹೊತ್ತು. ಅದಕ್ಕೂ ಮುಂಚೆ, ಇಬ್ಬನಿ ಆರುವ ಮೊದಲು ಹೋದರೆ ಹನಿ ಹೊತ್ತು ಕೂತ ಏರೋಪ್ಲೇನ್ ಚಿಟ್ಟೆಗಳೂ ಸಿಗುತ್ತವೆ. ನಡು ಮಧ್ಯಾಹ್ನ ಬೆಳಕು ಕಟು, ಹುಳಗಳೂ ಚುರುಕು.

ತಿಂಗಳ ಮಾತಿಗೆ ಬಂದರೆ, ಮುಂಗಾರು ಇಳಿದ ಮೇಲೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಮ್ಮಲ್ಲಿ ಹಬ್ಬ. ಗಿಡಗಳು ಚಿಗುರಿರುತ್ತವೆ, ಕಂಬಳಿಹುಳುಗಳಿಗೆ ಮೇವು ಸಮೃದ್ಧಿ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ದಕ್ಷಿಣ ಭಾರತದಲ್ಲಿ ಪೂರ್ವ ಮತ್ತು ಪಶ್ಚಿಮ ಘಟ್ಟಗಳ ನಡುವೆ ಗುಂಪುಗುಂಪಾಗಿ ವಲಸೆ ಹೋಗುತ್ತವೆ. ಗಿಲಿಗಿಚ್ಚಿ ಗಿಡದ ಒಣಗಿದ ಅಥವಾ ಗಾಯಗೊಂಡ ಭಾಗದ ಮೇಲೆ ಇವು ಮುತ್ತಿಕೊಂಡಿರುವುದನ್ನು ಕಂಡರೆ ಅಲ್ಲೇ ಕೂತುಬಿಡಿ. ಗಂಡುಗಳು ಅಲ್ಲಿಂದ ಹೀರುವ ಆಲ್ಕಲಾಯ್ಡ್ ಹೆಣ್ಣನ್ನು ಸೆಳೆಯುವ ಗಂಧ ತಯಾರಿಸಲು ಬೇಕು, ಹಾಗಾಗಿ ಗಂಟೆಗಟ್ಟಲೆ ಜಾಗ ಬಿಡುವುದಿಲ್ಲ.

ಬೇಸಿಗೆಯನ್ನೂ ಕಡೆಗಣಿಸಬೇಡಿ. ಕಾಮನ್ ಈವ್ನಿಂಗ್ ಬ್ರೌನ್ ಮಳೆಗಾಲದಲ್ಲಿ ರೆಕ್ಕೆಯ ಅಡಿಯಲ್ಲಿ ಸಾಲು ಕಣ್ಚುಕ್ಕೆಗಳನ್ನು ತೋರುತ್ತದೆ. ಒಣಗಾಲದಲ್ಲಿ ಹುಟ್ಟಿದ್ದು ಅದೇ ಜಾತಿಯಾದರೂ ಕಣ್ಚುಕ್ಕೆಗಳು ಅಡಗಿ, ತರಗೆಲೆಯ ಬಣ್ಣ ತಾಳುತ್ತದೆ. ಎರಡೂ ಋತುವಿನ ಫೋಟೊ ಪಕ್ಕಪಕ್ಕ ಇಟ್ಟು ನೋಡುವ ಸಂತೋಷವೇ ಬೇರೆ.

ಚಿಟ್ಟೆಗಳು ಒದ್ದೆ ಮಣ್ಣಿನ ಮೇಲೆ ಗುಂಪಾಗಿ ಕೂರುವುದೇಕೆ?

ಮಣ್ಣಿನಲ್ಲಿ ಕರಗಿದ ಉಪ್ಪಿನಂಶಕ್ಕೆ, ಮುಖ್ಯವಾಗಿ ಸೋಡಿಯಮ್ಮಿಗೆ. ಹೀಗೆ ಹೀರುವವು ಬಹುತೇಕ ಗಂಡುಗಳು. ಕೂಡುವಾಗ ಆ ಲವಣವನ್ನು ಹೆಣ್ಣಿಗೆ ದಾಟಿಸುತ್ತವೆ. ಹಳ್ಳದ ಮರಳು, ಕಾಡುದಾರಿಯ ಕೆಸರು, ದನಗಳು ನಿಲ್ಲುವ ಜಾಗ, ಎಲ್ಲ ಕಡೆ ನೋಡಿ. ನೆಲಕ್ಕೆ ಎದೆಯೂರಿ, ಚಿಟ್ಟೆಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ. ಮೇಲಿನಿಂದ ತೆಗೆದ ಫೋಟೊದಲ್ಲಿ ಕೆಸರು ಕಾಣುತ್ತದೆ, ನೆಲಮಟ್ಟದಿಂದ ತೆಗೆದದ್ದರಲ್ಲಿ ಚಿಟ್ಟೆ ಕಾಣುತ್ತದೆ.

ಎಷ್ಟು ತೆಗೆದರೂ ಅರ್ಧ ಚಿಟ್ಟೆ ಮಸುಕು. ಅಪರ್ಚರ್ ಎಷ್ಟಿಡಬೇಕು?

ಇದು ನಿಮ್ಮ ಕೈಯ ದೋಷವಲ್ಲ, ಬೆಳಕಿನ ನಿಯಮ. 1:1ರಲ್ಲಿ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಕಿಂಡಿಯನ್ನು ಎಫ್/11ರಷ್ಟು ಕಿರಿದಾಗಿಸಿದರೂ ಸ್ಪಷ್ಟವಾಗಿ ಬರುವ ಆಳ ಸುಮಾರು 1.3 ಮಿಲಿಮೀಟರ್ ಮಾತ್ರ. ಸ್ವಲ್ಪ ಹಿಂದೆ ಸರಿದು 1:2ಕ್ಕೆ ಬಂದರೆ ಅದು ಸುಮಾರು 4 ಮಿಲಿಮೀಟರ್ ಆಗುತ್ತದೆ. ಹಾಗೆಂದು ಎಫ್/32ಕ್ಕೆ ಹೋಗಬೇಡಿ. 1:1ರಲ್ಲಿ ಎಫ್/11 ಎಂದರೆ ನಿಜಕ್ಕೂ ಎಫ್/22ರಂತೆ ವರ್ತಿಸುತ್ತದೆ. ಇನ್ನೂ ಮುಚ್ಚಿದರೆ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರವೇ ಮೆದುವಾಗುತ್ತದೆ. ಎಫ್/8 ರಿಂದ ಎಫ್/11 ನನ್ನ ಆಯ್ಕೆ.

ಉಳಿದದ್ದನ್ನು ಕೋನದಿಂದ ಗೆಲ್ಲಬೇಕು. ರೆಕ್ಕೆ ಮಡಿಚಿ ಕೂತ ಚಿಟ್ಟೆ ಒಂದು ಚಪ್ಪಟೆ ಹಾಳೆ. ಸೆನ್ಸರ್ ಆ ಹಾಳೆಗೆ ಸಮಾನಾಂತರವಾಗಿ ನಿಲ್ಲುವಂತೆ ನೀವು ಬದಿಗೆ ಸರಿದರೆ, ಅದೇ 4 ಮಿಲಿಮೀಟರಿನಲ್ಲಿ ಕಣ್ಣಿನಿಂದ ರೆಕ್ಕೆಯ ತುದಿಯವರೆಗೆ ಎಲ್ಲ ಸ್ಪಷ್ಟ. ಎರಡು ಇಂಚು ಆಚೀಚೆ ಆದರೂ ಒಂದು ತುದಿ ಕರಗುತ್ತದೆ. ಸಮಾನಾಂತರ ಸಿಗದಿದ್ದರೆ ಕಣ್ಣನ್ನು ಹಿಡಿಯಿರಿ, ಉಳಿದದ್ದು ಮಸುಕಾದರೂ ಫೋಟೊ ಬದುಕುತ್ತದೆ.

ಆಟೊಫೋಕಸ್ ಬಳಸಬಹುದೆ?

1:3ರ ತನಕ ಧಾರಾಳವಾಗಿ. ಇನ್ನೂ ಹತ್ತಿರವಾದರೆ ಮ್ಯಾನುಯಲ್‌ಗೆ ಹಾಕಿ, ಬೇಕಾದ ಅಳತೆ ಹೊಂದಿಸಿ, ರಿಂಗ್ ಮುಟ್ಟದೆ ನಿಮ್ಮ ಮೈಯನ್ನೇ ಮಿಲಿಮೀಟರುಗಳಷ್ಟು ಹಿಂದೆಮುಂದೆ ತೂಗುತ್ತ ಕಣ್ಣು ಸ್ಪಷ್ಟವಾದ ಕ್ಷಣ ಒತ್ತಿ. ಉಸಿರು ಬಿಟ್ಟ ಮೇಲೆ ಒತ್ತಿದರೆ ಕೈ ಸ್ಥಿರ.

ಟ್ರೈಪಾಡ್?

ಮೊಟ್ಟೆ, ಕೋಶ, ಮುಂಜಾನೆಯ ನಿಶ್ಚಲ ಹುಳಗಳಿಗೆ ಹೌದು. ಹಾರಾಡುವ ಚಿಟ್ಟೆಯ ಹಿಂದೆ ಮೂರು ಕಾಲು ಹೊತ್ತು ಹೋಗುವುದು ವ್ಯರ್ಥ.

ಫ್ಲ್ಯಾಶ್ ಹಾಕಿದರೆ ಹುಳಕ್ಕೆ ತೊಂದರೆಯೆ?

ಹಗಲಿನಲ್ಲಿ ಚದುರಿಸಿದ ಫ್ಲ್ಯಾಶಿಗೆ ಬಹುತೇಕ ಹುಳಗಳು ಬೆದರದೆ ಊಟ ಮುಂದುವರಿಸುತ್ತವೆ. ಬೆಚ್ಚಿಬಿದ್ದರೆ, ಅಡಗಿಕೊಂಡರೆ ನಿಲ್ಲಿಸಿ. ಮಿಣುಕುಹುಳುಗಳಿಗೆ ಮಾತ್ರ ಎಂದಿಗೂ ಬೇಡ. ಮುಂಗಾರಿನ ಮುನ್ನ, ಮೇ-ಜೂನ್‌ನಲ್ಲಿ ಮಲೆನಾಡಿನ ಮರಗಳಲ್ಲಿ ಅವು ಮಿನುಗುವುದು ಸಂಗಾತಿಗೆ ಸಂದೇಶ ಕಳಿಸಲು. ನಿಮ್ಮ ಫ್ಲ್ಯಾಶ್, ಟಾರ್ಚ್, ಕಾರಿನ ಹೆಡ್‌ಲೈಟ್ ಆ ಮಾತುಕತೆಯನ್ನೇ ಕೆಡಿಸುತ್ತವೆ. ಅಲ್ಲಿ ಟ್ರೈಪಾಡ್, ಲಾಂಗ್ ಎಕ್ಸ್‌ಪೋಷರ್, ಕತ್ತಲು ಇಷ್ಟೇ ಸಾಕು.

ತಂತ್ರದ ದೃಷ್ಟಿಯಿಂದ ಫ್ಲ್ಯಾಶ್ ದೊಡ್ಡ ಸಹಾಯ. 1/200 ಶಟರ್, ಎಫ್/11, ಐಎಸ್‌ಒ 200 ಇಟ್ಟು ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಹಾರಿಸಿದರೆ ಬೆಳಕು ಬೀಳುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು ಮಾತ್ರ. ಕೈ ನಡುಗಿದರೂ, ಗಾಳಿ ಬೀಸಿದರೂ ಚಿತ್ರ ನಿಲ್ಲುತ್ತದೆ. ಆದರೆ ಬರಿಯ ಫ್ಲ್ಯಾಶ್ ಜೀರುಂಡೆಯ ಹೊಳೆಯುವ ಬೆನ್ನಿನ ಮೇಲೆ ಬಿಳಿ ಚುಕ್ಕೆ ಬರೆಯುತ್ತದೆ. ಸಾಮಾನು ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನೋ ಟ್ರೇಸಿಂಗ್ ಪೇಪರನ್ನೋ ಫ್ಲ್ಯಾಶ್ ಮುಂದೆ ಕಮಾನಾಗಿ ಬಗ್ಗಿಸಿ ಕಟ್ಟಿ, ಅದು ಹುಳಕ್ಕೆ ಎಷ್ಟು ಹತ್ತಿರವೋ ಬೆಳಕು ಅಷ್ಟು ಮೃದು. ದುಬಾರಿ ಡಿಫ್ಯೂಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ನೈಸರ್ಗಿಕ ಬೆಳಕೇ ಬೇಕಾಗುವ ಸಂದರ್ಭವೂ ಇದೆ. ಗ್ರೇಟ್ ಎಗ್‌ಫ್ಲೈ ಗಂಡಿನ ರೆಕ್ಕೆಯ ನೇರಳೆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ಹುರುಪೆಗಳ ಸೂಕ್ಷ್ಮ ರಚನೆ ಬೆಳಕನ್ನು ಮರಳಿಸುವ ಬಗೆಯಿಂದ ಬಂದದ್ದು. ಕೋನ ಸರಿಯಿದ್ದರೆ ಮಾತ್ರ ಹೊಮ್ಮುತ್ತದೆ. ಸುತ್ತ ನಿಧಾನಕ್ಕೆ ಸರಿಯುತ್ತ ಆ ಕೋನ ಹುಡುಕಬೇಕು.

ಸದರ್ನ್ ಬರ್ಡ್‌ವಿಂಗ್ ಕೂತಲ್ಲಿ ಕೂರುವುದೇ ಇಲ್ಲವಲ್ಲ?

ಕೂರುವುದು ಕಡಿಮೆ. 14 ರಿಂದ 19 ಸೆಂಟಿಮೀಟರ್ ರೆಕ್ಕೆಯ ಈ ಚಿಟ್ಟೆ ಹೂವಿನ ರಸ ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ. 1/1000 ಅಥವಾ ಅದಕ್ಕಿಂತ ವೇಗದ ಶಟರ್ ಇಡಿ. ಅದು ಹೆಚ್ಚು ಹೊತ್ತು ಮರಗಳ ಎತ್ತರದಲ್ಲಿ ತೇಲುತ್ತದೆ. ಬೆಳಗಿನಲ್ಲಿ ಹೂವಿಗೆ ಇಳಿಯುವಾಗ ಟೆಲಿ ಲೆನ್ಸ್ ಹಿಡಿದು ಕಾಯುವುದೇ ದಾರಿ.

ಕಂಬಳಿಹುಳುವಿನಿಂದ ಚಿಟ್ಟೆಯವರೆಗೆ ಸರಣಿ ತೆಗೆಯುವುದು ಹೇಗೆ?

ಕರಿಬೇವಿನ ಗಿಡಕ್ಕೆ ಮರಳೋಣ. ಕಾಮನ್ ಮಾರ್ಮನ್‌ನ ಎಳೆಯ ಹುಳು ಹಕ್ಕಿಯ ಹಿಕ್ಕೆಯ ವೇಷದಲ್ಲಿರುತ್ತದೆ, ಹಾಗಾಗಿ ಎಷ್ಟೋ ಜನ ನೋಡಿಯೂ ದಾಟಿ ಹೋಗುತ್ತಾರೆ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಅದರ ಫೋಟೊಗಾಗಿ ಹುಳುವನ್ನು ಮತ್ತೆ ಮತ್ತೆ ಚುಚ್ಚುವವರಿದ್ದಾರೆ, ದಯವಿಟ್ಟು ಬೇಡ. ಇರುವೆಯೋ ಕಣಜವೋ ಬಂದಾಗ ಅದು ತಾನಾಗಿ ಚಾಚುತ್ತದೆ, ಆ ಚಿತ್ರದಲ್ಲಿ ಕಥೆಯೂ ಇರುತ್ತದೆ.

ಕೋಶ ಕಟ್ಟಿದ ಮೇಲೆ ದಿನಕ್ಕೊಂದು ಸಲ ನೋಡಿ. ಹೊರಬರುವ ಹಿಂದಿನ ದಿನ ಕೋಶ ಕಪ್ಪಾಗಿ, ಸಿಪ್ಪೆಯ ಮೂಲಕ ರೆಕ್ಕೆಯ ನಕ್ಷೆ ಕಾಣತೊಡಗುತ್ತದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಟ್ರೈಪಾಡ್ ಸಿದ್ಧವಿರಲಿ. ಸಿಪ್ಪೆ ಬಿರಿದು ಚಿಟ್ಟೆ ಹೊರಬರಲು ಒಂದೆರಡು ನಿಮಿಷ ಸಾಕು, ತಿಂಡಿಗೆ ಎದ್ದು ಹೋದರೆ ತಪ್ಪಿತು. ರೆಕ್ಕೆ ಅರಳಿ ಗಟ್ಟಿಯಾಗಲು ಮುಂದೆ ಗಂಟೆ ಎರಡು ಗಂಟೆ ಹಿಡಿಯುತ್ತದೆ, ಅದನ್ನು ಸಾವಕಾಶವಾಗಿ ತೆಗೆಯಬಹುದು.

ಹೆಸರು ಗುರುತಿಸಲು ಯಾವ ಕೋನದ ಫೋಟೊ ಬೇಕು?

ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ. ಸಾಧ್ಯವಾದರೆ ಮೈಯ ಬಣ್ಣವೂ ಕಾಣಲಿ. ಕಾಮನ್ ಮಾರ್ಮನ್‌ನ ಹೆಣ್ಣಿಗೆ ಮೂರು ರೂಪ: ಒಂದು ಗಂಡಿನಂತೆಯೇ, ಇನ್ನೊಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ರೋಸ್ ಚಿಟ್ಟೆಗಳು ಈಶ್ವರಿ ಬಳ್ಳಿಯ ವಿಷ ಮೈಗೂಡಿಸಿಕೊಂಡಿರುವುದರಿಂದ ಹಕ್ಕಿಗಳು ಮುಟ್ಟುವುದಿಲ್ಲ. ಆ ರಕ್ಷಣೆಯನ್ನು ಮಾರ್ಮನ್ ವೇಷದಿಂದ ಗಿಟ್ಟಿಸುತ್ತದೆ. ರೆಕ್ಕೆ ನೋಡಿ ಹೇಳುವುದು ಕಷ್ಟ, ಮೈ ನೋಡಿದರೆ ಸುಲಭ: ರೋಸ್‌ಗಳ ಮೈ ಕೆಂಪು, ಮಾರ್ಮನ್‌ನದು ಕಪ್ಪು. ಹಾಗೆಯೇ ಪ್ಲೇನ್ ಟೈಗರ್ ಎಂದುಕೊಂಡದ್ದು ಡ್ಯಾನೈಡ್ ಎಗ್‌ಫ್ಲೈ ಹೆಣ್ಣಾಗಿರಬಹುದು. ಜೀವಿಗಳ ಫೋಟೊ ಹಂಚಿ ಗುರುತಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ತಿಳಿದವರು ತಿದ್ದುತ್ತಾರೆ, ದಿನಾಂಕ ಮತ್ತು ಊರಿನೊಂದಿಗೆ ಅದು ದಾಖಲೆಯೂ ಆಗುತ್ತದೆ.

ಹುಳವನ್ನು ಫ್ರಿಜ್‌ನಲ್ಲಿಟ್ಟು ತೆಗೆದರೆ ಸುಲಭವಂತೆ?

ಹಾಗೆ ಮಾಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಚಳಿಗೆ ಮರಗಟ್ಟಿದ ಜೀವ ಹೂವಿನ ಮೇಲೆ ಕೂತಿರುವ ಭಂಗಿಯೇ ಸುಳ್ಳು, ಕೀಟ ಬಲ್ಲವರಿಗೆ ಕಾಲುಗಳನ್ನು ನೋಡಿದೊಡನೆ ಗೊತ್ತಾಗುತ್ತದೆ. ಅಂಟು ಹಾಕುವುದು, ನೀರು ಚಿಮುಕಿಸಿ ಇಬ್ಬನಿ ಎನ್ನುವುದು, ಸೂರ್ಯನ ಕುದುರೆಯ ಮುಂದೆ ಚಿಟ್ಟೆ ತಂದಿಡುವುದು, ಎಲ್ಲವೂ ಅದೇ ಸಾಲಿಗೆ. ರೆಕ್ಕೆ ಹಿಡಿಯುವುದೂ ಬೇಡ, ಬೆರಳಿಗೆ ಹತ್ತುವ ಆ ಪುಡಿ ರೆಕ್ಕೆಯ ಹುರುಪೆಗಳೇ. ಉದುರಿದರೆ ಮತ್ತೆ ಬೆಳೆಯುವುದಿಲ್ಲ.

ಅನುಮತಿ, ಕಾನೂನು?

ಮನೆಯಂಗಳ, ತೋಟ, ರಸ್ತೆಬದಿಯಲ್ಲಿ ಫೋಟೊ ತೆಗೆಯಲು ಅಡ್ಡಿಯಿಲ್ಲ. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ. ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ, ಶುಲ್ಕ ಬೇಕು. ಹುಲಿ ಸಂರಕ್ಷಿತ ಪ್ರದೇಶದ ಸಫಾರಿಯಲ್ಲಿ ವಾಹನದಿಂದ ಇಳಿಯುವಂತಿಲ್ಲ, ಆದ್ದರಿಂದ ಮ್ಯಾಕ್ರೋಗೆ ಅಲ್ಲಿ ಹೋಗಿ ಪ್ರಯೋಜನವಿಲ್ಲ. 2006ರಲ್ಲಿ ಶುರುವಾದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನ, ಮೂಡುಬಿದಿರೆ ಬಳಿಯ ಬೆಳುವಾಯಿಯ ಚಿಟ್ಟೆ ಪಾರ್ಕ್ ಕಲಿಯಲು ಒಳ್ಳೆಯ ಜಾಗಗಳು. ಹಿಡಿದು ಒಯ್ಯುವುದು ಬೇರೆಯೇ ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಹಲವು ಚಿಟ್ಟೆಗಳಿವೆ, ಅವನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ.

ಮಲೆನಾಡಿಗೆ ಹೋಗುವಾಗ ಏನು ಎಚ್ಚರ ಬೇಕು?

ಮಳೆಗಾಲದಲ್ಲಿ ಇಂಬಳ, ಉದ್ದ ಕಾಲುಚೀಲ ಸಾಕು, ಅದರಿಂದ ದೊಡ್ಡ ಅಪಾಯವಿಲ್ಲ. ನಿಜವಾಗಿ ಹೆದರಬೇಕಾದದ್ದು ಉಣುಗಿಗೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ, ಅದೂ ಚಳಿಗಾಲದಿಂದ ಬೇಸಿಗೆಯವರೆಗೆ, ತರಗೆಲೆ ಒಣಗಿರುವಾಗ. ಮ್ಯಾಕ್ರೋ ಮಾಡುವವರು ಮಲಗುವುದೇ ಆ ತರಗೆಲೆಯ ಮೇಲೆ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ಬೇರೆಡೆಗೂ ತುಂಬುತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಇರಲಿ. ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ಹುಡುಕಿಸಿಕೊಳ್ಳಿ. ಕಾಡಿಗೆ ಹೋಗಿ ಬಂದ ಕೆಲವು ದಿನಗಳಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಎಲೆ ಮಗುಚುವ ಮೊದಲು ಪೊದೆಯನ್ನು ಕಣ್ಣಿನಿಂದ ಪೂರ್ತಿ ನೋಡಿ, ಮಂಡಲದ ಹಾವುಗಳು ಎಲೆಯ ನಡುವೆ ಅಲುಗದೆ ಇರುತ್ತವೆ. ಹೆಜ್ಜೇನು ಕಟ್ಟಿದ ಮರದಡಿ ಫ್ಲ್ಯಾಶ್ ಬೇಡ.

ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬಾರದಂತೆ ಕಾಪಾಡುವುದು ಹೇಗೆ?

ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಒದ್ದೆ ಬ್ಯಾಗೇ ಫಂಗಸ್ಸಿನ ಮನೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಹರಳುಗಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಿ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು. ತೇವಾಂಶ ಶೇ 40 ರಿಂದ 50ರ ನಡುವೆ ಇದ್ದರೆ ಚೆನ್ನ, ಅಳೆಯುವ ಪುಟ್ಟ ಮೀಟರು ಅಗ್ಗಕ್ಕೆ ಸಿಗುತ್ತದೆ. ತಿಂಗಳುಗಟ್ಟಲೆ ಬಿಸಿಲು ಕಾಣದ ಊರಿನವರಾದರೆ ಡ್ರೈ ಕ್ಯಾಬಿನೆಟ್ ಕೊಳ್ಳಿ. ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರತೆಗೆದು ಬಳಸಿ.

ಅಪರೂಪದ ಚಿಟ್ಟೆ ಸಿಕ್ಕ ಜಾಗವನ್ನು ಎಲ್ಲರಿಗೂ ಹೇಳಬಹುದೆ?

ಸಾಮಾನ್ಯ ಚಿಟ್ಟೆಯಾದರೆ ಹೇಳಿ, ಅದರಿಂದ ಊರಿನ ಪಟ್ಟಿ ಬೆಳೆಯುತ್ತದೆ. ಅಪರೂಪದ್ದಾದರೆ, ಅದರಲ್ಲೂ ಹುಳುಗಳಿರುವ ಒಂದೇ ಒಂದು ಬಳ್ಳಿಯಾದರೆ, ತಾಲ್ಲೂಕಿನ ಹೆಸರಷ್ಟೇ ಹಾಕಿ. ಫೋಟೊದೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮರೆಮಾಡುವ ಆಯ್ಕೆಯಿದೆ. ನಿಖರ ಜಾಗ ತಿಳಿಯಬೇಕಾದವರು ಆ ಜಮೀನಿನವರು: ಬೇಲಿ ಸವರುವಾಗ ಈ ಬಳ್ಳಿಯನ್ನು ಬಿಡಿ ಎಂದು ಅವರಿಗೆ ತೋರಿಸಿ ಹೇಳಿ, ತೆಗೆದ ಫೋಟೊದ ಒಂದು ಪ್ರತಿಯನ್ನೂ ಕೊಡಿ.